ನೀರಿದ್ದಲ್ಲೆಲ್ಲ ಹಂಸವಿರುವುದೆ?

ಅಲಂಕಾರಶಾಸ್ತ್ರದ ಪಾಠದಲ್ಲಿ 'ಕವಿಸಮಯ'ದ ಪ್ರಕರಣ ಬಂದಾಗ, ಅದುವರೆಗೆ ತೂಕಡಿಸುತ್ತಿದ್ದ ತರಗತಿಯಲ್ಲಿ ಸ್ವಲ್ಪ ಲವಲವಿಕೆ ಮೂಡುವುದುಂಟು. ಲೋಕದಲ್ಲಿ ಇಲ್ಲದುದನ್ನು ಇದೆಯೆಂದೂ ಇರುವುದನ್ನು ಇಲ್ಲವೆಂದೂ ಕವಿಗಳು ಪರಂಪರೆಯಿಂದ ಹೇಳಿಕೊಂಡು ಬಂದಿರುವ ಸಂಗತಿಗಳಿಗೆ ಆ ಹೆಸರು. ಚಕೋರವು ಬೆಳದಿಂಗಳನ್ನು ಕುಡಿದು ಬದುಕುತ್ತದೆ. ಚಕ್ರವಾಕದ ಜೋಡಿ ಇರುಳಾದೊಡನೆ ಅಗಲಿ, ಕೊಳದ ಆ ದಡದಲ್ಲೊಂದು ಈ ದಡದಲ್ಲೊಂದು ಕುಳಿತು ಗೋಳಿಡುತ್ತದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಇವನ್ನೆಲ್ಲ ವಿಂಗಡಿಸುತ್ತಾನೆ. ಇಲ್ಲದುದನ್ನು ಇದೆಯೆನ್ನುವ ಬಗೆಗೆ ಅವನು ಕೊಡುವ ನಿದರ್ಶನಗಳಲ್ಲಿ ಒಂದು, ಯಾವ ಜಲಾಶಯವೇ ಆಗಲಿ ಅಲ್ಲಿ ಹಂಸಗಳಿವೆಯೆಂದು ವರ್ಣಿಸುವುದು.

ನೀರು ಕಂಡಲ್ಲೆಲ್ಲ ಹಂಸವಿರುವುದಿಲ್ಲವೆಂಬುದು ರಾಜಶೇಖರನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದನ್ನು ಕವಿಗಳ ಪಾಲಿನ ಸಲಿಗೆಯೆಂದು ಒಪ್ಪಿಕೊಂಡನು. ಸಾವಿರ ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಕೆರೆಗಳನ್ನು ಅಭಿವೃದ್ಧಿಪಡಿಸುತ್ತಿರುವ ನಾವು ಆ ಸಲಿಗೆಯನ್ನೇ ನಿಜವೆಂದು ನಂಬಿರುವಂತೆ ತೋರುತ್ತದೆ. ಕೆರೆಯ ಹೂಳನ್ನು ತೆಗೆಯಿರಿ, ತಳವನ್ನು ಆಳಮಾಡಿರಿ, ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿರಿ, ನೀರು ತುಂಬಿರಿ. ಹಕ್ಕಿಗಳು ತಾವಾಗಿ ಬರುತ್ತವೆ ಎಂಬುದು ನಮ್ಮ ನಂಬಿಕೆ. ಕೆಲವು ಬರುತ್ತವೆ, ನಿಜ. ಆದರೆ ಸಾವಿರಾರು ಮೈಲಿ ಹಾರಿ ಬರುವ ಅತಿಥಿಗಳ ಪೈಕಿ ಬಹುಪಾಲು ಅಂಥ ನೀರಿನ ಮೇಲೆ ಒಂದು ಸುತ್ತು ಹಾಕಿ ಮುಂದಕ್ಕೆ ಹೋಗಿಬಿಡುತ್ತವೆ.

ನಾನು ಪಕ್ಷಿಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳಿ ಜೀವಿಸುವವನು. ಹಕ್ಕಿಗಳ ಬಳಿಗೆ ನನ್ನನ್ನು ಕರೆದುಕೊಂಡು ಹೋದುದು ಹಂಸ, ಚಕ್ರವಾಕ ಮೊದಲಾದ ಈ ಶಬ್ದಗಳೇ. ಕಾವ್ಯದ ಹಂಸ ಯಾವ ಹಕ್ಕಿಯೆಂಬುದು ಬಹಳ ಚರ್ಚೆಗೆ ಒಳಗಾದ ವಿಷಯ. ಮಳೆಗಾಲ ಹತ್ತಿರವಾದಾಗ ಮಾನಸಸರೋವರಕ್ಕೆ ಹೊರಡುತ್ತದೆಂದು ಕವಿಗಳು ಹೇಳುವ ಲಕ್ಷಣಕ್ಕೆ ಚೆನ್ನಾಗಿ ಹೊಂದುವುದು ಪಟ್ಟೆತಲೆಯ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿಕೊಂಡು, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಭಾರತಕ್ಕೆ ಇಳಿಯುತ್ತದೆ. ಮೈಗೆ ಪುಟ್ಟ ಯಂತ್ರ ಕಟ್ಟಿ ಹಾರಬಿಟ್ಟ ಇಂಥ ಹಕ್ಕಿಗಳಲ್ಲಿ ಒಂದು ೭,೦೦೦ ಮೀಟರಿಗೂ ಮೇಲೆ ಹಾರಿದುದು ದಾಖಲೆಯಾಗಿದೆ. ನಾವು ಅಷ್ಟೆತ್ತರದಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತೇವೆ; ಎರಡು ಮೂರು ಕಿಲೋ ತೂಗುವ ಈ ಹಕ್ಕಿಯಾದರೋ ರೆಕ್ಕೆ ಬಡಿದೇ ಹಾರುತ್ತದೆ, ಏಕೆಂದರೆ ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಶಕ್ತಿ ಅದರ ರಕ್ತಕ್ಕೆ ಹೆಚ್ಚಾಗಿದೆ. ಚಕ್ರವಾಕವೂ ಲಡಾಖು, ಟಿಬೆಟ್ಟುಗಳಿಂದ ಚಳಿಗಾಲಕ್ಕೆ ಇಳಿದು ಬರುವ ಬಾತೇ. ನಮ್ಮ ಕಾವ್ಯಗಳ ಕೊಳದಲ್ಲಿ ಈಜುವ ಎರಡು ಮುಖ್ಯ ಹಕ್ಕಿಗಳೂ ಪರದೇಶದ ಅತಿಥಿಗಳೆಂಬುದು ಸೋಜಿಗವಲ್ಲವೆ?

ಈ ಹೆಬ್ಬಾತುಗಳು ಕರ್ನಾಟಕದಲ್ಲಿ ದೊಡ್ಡ ಹಿಂಡುಗಳಾಗಿ ಇಳಿಯುವ ಕೆರೆಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಪ್ರಸಿದ್ಧವಾದುದು. ಹಗಲಲ್ಲಿ ಕೆರೆಯ ತೆಳುನೀರಿನಲ್ಲಿ ವಿರಮಿಸುವುದು, ಹೊತ್ತು ಇಳಿದ ಮೇಲೆ ಸುತ್ತಣ ಹೊಲಗಳಿಗೆ ಮೇವಿಗೆ ಹೋಗುವುದು ಅವುಗಳ ದಿನಚರಿ. ೨೦೨೪ರಲ್ಲಿ ಆ ಕೆರೆಗೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ೧೯೪೦ರಲ್ಲಿ ಡಾ. ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ರಂಗನತಿಟ್ಟಿಗೆ ಆ ಮಾನ್ಯತೆ ಬಂದುದು ೨೦೨೨ರಲ್ಲಿ. ಬೆಂಗಳೂರಿನ ಒಂದು ಕೆರೆಯೂ ಆ ಪಟ್ಟಿಯಲ್ಲಿ ಇಲ್ಲ. ನನ್ನ ಚಿಂತೆ ಅದಲ್ಲ. ಪಟ್ಟಿಯಲ್ಲಿ ಇಲ್ಲದ ಕೆರೆಗಳಿಗೂ ಹಕ್ಕಿಗಳು ಬರುತ್ತವೆ. ಬಂದವು ಎಲ್ಲಿ ಕಾಲಿಡಬೇಕೆಂಬುದು ಪ್ರಶ್ನೆ.

'ವಲಸೆ' ಎಂಬ ಮಾತಿಗೆ ಹಿಂದಿನವರಲ್ಲಿ ಬೇರೊಂದು ಛಾಯೆಯಿತ್ತು. ದಂಡು ಬರುತ್ತದೆಂಬ ಭಯದಿಂದ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೋಗುವುದು ವಲಸೆ. ನಾನಿರುವ ಪ್ರದೇಶಕ್ಕೆ ಬೆಂಗಳೂರಿನ ಹಳಬರು ಇಂದಿಗೂ 'ದಂಡು' ಎಂದೇ ಹೇಳುತ್ತಾರೆ. ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೇನೆ ೧೮೦೯ರಲ್ಲಿ ಹಲಸೂರಿನ ಬಳಿ ಬಂದು ನೆಲೆಯೂರಿದ ಮೇಲೆ ಬೆಳೆದ ಊರು ಇದು. ಒಂದು ದಂಡಿಗೆ ಬೇಕಾದುದು ಮೊದಲು ನೀರು; ಹಲಸೂರಿನ ಕೆರೆ ಅಲ್ಲಿ ಮೊದಲೇ ಇತ್ತು. ಅನಂತರ ಬೆಳೆದ ಶಿವಾಜಿನಗರ, ದೊಮ್ಮಲೂರು, ಇಂದಿರಾನಗರಗಳ ಸುತ್ತ ಇನ್ನೂ ಹಲವು ಕೆರೆಗಳಿದ್ದವು. ಇವು ಬಿಡಿಬಿಡಿ ಕೆರೆಗಳಲ್ಲ. ಹಲಸೂರಿನ ಕೋಡಿಯ ನೀರು ಚಲ್ಲಘಟ್ಟದ ಕಣಿವೆಯಲ್ಲಿ ಹರಿದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ ಹೋಗುತ್ತದೆ. ಹೆಬ್ಬಾಳದಿಂದ ಹೊರಟ ನೀರು ನಾಗವಾರ, ಕಲ್ಕೆರೆಗಳ ದಾರಿಯಾಗಿ ಕೃಷ್ಣರಾಜಪುರದ ಆಚೆಯ ಎಲೆ ಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರುತ್ತದೆ. ಎರಡು ಸರಪಣಿಗಳ ತುದಿಯೂ ದಕ್ಷಿಣ ಪಿನಾಕಿನಿಯೇ.

ಹಲಸೂರಿನ ಕೆರೆಯ ಬದಿಯಲ್ಲಿ ಬೆಳಗಿನ ಹೊತ್ತು ನಡೆದು ನೋಡಿದವರು ಬಲ್ಲರು, ಅಲ್ಲಿ ಹಕ್ಕಿಗಳಿಗೆ ಬರವಿಲ್ಲ. ನಡುಗಡ್ಡೆಯ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿರುತ್ತವೆ. ಹೆಜ್ಜಾರ್ಲೆಗಳು ಹಡಗಿನಂತೆ ತೇಲುತ್ತವೆ. ಶಿವಾಜಿನಗರದ ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದುಗಳು ನೀರಿಗೆ ಬಂದು ಹೋಗುತ್ತವೆ. ಇವೆಲ್ಲ ಮುಳುಗಬಲ್ಲ, ತೇಲಬಲ್ಲ, ಇಲ್ಲವೆ ಮೇಲಿನಿಂದಲೇ ಎರಗಬಲ್ಲ ಹಕ್ಕಿಗಳೆಂಬುದನ್ನು ಗಮನಿಸಬೇಕು. ನೀರಿನಂಚಿನಲ್ಲಿ ನಿಂತು ಮೇಯುವ ಹಕ್ಕಿ ಅಪರೂಪ. ನೀರಿಗೆ ಅಂಚೇ ಇಲ್ಲ. ಕಲ್ಲಿನ ಗೋಡೆಯಿದೆ, ಗೋಡೆಯ ಮೇಲೆ ಕಂಬಿಯಿದೆ, ಕಂಬಿಯಾಚೆ ನಡೆದಾಡುವ ಹಾದಿಯಿದೆ. ನಮಗೆ ಅಚ್ಚುಕಟ್ಟಾಗಿ ಕಾಣುವ ಈ ಏರ್ಪಾಡು ಗೊರವದ ಕಣ್ಣಿಗೆ ಬಾವಿಯಂತೆ ಕಾಣುತ್ತಿರಬೇಕು.

ಗೊರವದ ಮಾತು ಬಂದುದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಕನ್ನಡದಲ್ಲಿ ಕೆರೆಗೆ ಸಂಬಂಧಿಸಿದ ಪದಸಂಪತ್ತು ಬಹು ದೊಡ್ಡದು. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು. ನೀರು ಹಂಚಲು ನೀರುಗಂಟಿ. ಇವುಗಳ ನಡುವೆ ಒಂದು ಸುಂದರವಾದ ಮಾತಿದೆ, 'ಕೆರೆಯಂಗಳ'. ಮನೆಗೆ ಅಂಗಳವಿರುವಂತೆ ಕೆರೆಗೂ ಒಂದು ಅಂಗಳ. ನಮ್ಮ ಕೆರೆ ಬಾವಿಯಂತೆ ತೋಡಿದುದಲ್ಲ; ಇಳಿಜಾರಿನ ನೆಲಕ್ಕೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದುದು. ಏರಿಯ ಬುಡದಲ್ಲಿ ಆಳ ಹೆಚ್ಚು. ಹಿಂದಕ್ಕೆ ಹೋದಂತೆಲ್ಲ ನೀರು ತೆಳುವಾಗಿ, ಮೊಣಕಾಲುದ್ದ, ಗೇಣುದ್ದ, ಬೆರಳುದ್ದವಾಗಿ, ಕೊನೆಗೆ ಒದ್ದೆ ಮಣ್ಣಾಗಿ, ಹುಲ್ಲಾಗಿ ಮುಗಿಯುತ್ತದೆ. ಮಳೆಗಾಲದಲ್ಲಿ ಅಂಗಳವೆಲ್ಲ ನೀರು. ಕಾರ್ತಿಕ ಕಳೆದ ಮೇಲೆ ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತ ಹೋಗುತ್ತದೆ. ಸರಿದಂತೆಲ್ಲ ಹೊಸ ಕೆಸರು ಹೊರಬೀಳುತ್ತದೆ. ಆ ಕೆಸರಿನಲ್ಲಿ ಹುಳು, ಶಂಖದ ಹುಳು, ಬೀಜ, ಗೆಡ್ಡೆ. ಉತ್ತರದ ದೇಶಗಳಲ್ಲಿ ಹಿಮ ಬೀಳಲಾರಂಭಿಸಿ ಹಕ್ಕಿಗಳು ಇಳಿದು ಬರುವುದೂ, ನಮ್ಮ ಕೆರೆಗಳು ಹಿಂದೆ ಸರಿದು ಅಂಗಳವನ್ನು ಬಿಚ್ಚಿಡುವುದೂ ಒಂದೇ ಕಾಲಕ್ಕೆ. ನಮ್ಮ ಹಿರಿಯರು ಬೇಸಾಯಕ್ಕೆಂದು ಕಟ್ಟಿದ ಕೆರೆ ಹೀಗೆ ಸೈಬೀರಿಯದ ಹಕ್ಕಿಗೆ ಛತ್ರವಾಯಿತು.

ಪ್ರತಿಯೊಂದು ಹಕ್ಕಿಯೂ ಈ ಅಂಗಳದಲ್ಲಿ ತನ್ನ ಕಾಲಿಗೆ, ಕೊಕ್ಕಿಗೆ ತಕ್ಕ ಆಳವನ್ನು ಆರಿಸಿಕೊಳ್ಳುತ್ತದೆ. ಗುಬ್ಬಚ್ಚಿಯಷ್ಟು ಮಾತ್ರ ತೂಗುವ, ಉತ್ತರಧ್ರುವದ ಬಯಲಿನಲ್ಲಿ ಮರಿಮಾಡುವ ಒಂದು ಕಿರಿಯ ಗೊರವಕ್ಕೆ ಕೆಸರಿನ ಮೇಲೆ ನೀರಿನ ಪೊರೆಯಿದ್ದರೆ ಸಾಕು. ಸ್ಕ್ಯಾಂಡಿನೇವಿಯದಿಂದ ಸೈಬೀರಿಯದವರೆಗಿನ ಜೌಗುಗಳಲ್ಲಿ ಮರಿಮಾಡುವ ಅಡವಿ ಗೊರವ ಸುಮಾರು ೬೦ ಗ್ರಾಂ ತೂಗುತ್ತದೆ. ಅದಕ್ಕೆ ಎರಡು ಮೂರು ಬೆರಳು ನೀರು. ಮೆಟ್ಟುಗಾಲು ಹಕ್ಕಿಗೆ ಗೇಣುದ್ದ, ಬಣ್ಣದ ಕೊಕ್ಕರೆಗೆ ಮೊಣಕಾಲುದ್ದ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳು ತಲೆಯನ್ನು ನೀರಿಗಿಳಿಸಿ ಬಾಲವನ್ನು ಆಕಾಶಕ್ಕೆತ್ತಿ ತಳವನ್ನು ಕೆದಕುವ ಜಾತಿಯವು. ಕತ್ತು ತಳಕ್ಕೆ ಎಟುಕದಿದ್ದರೆ ಅವಕ್ಕೆ ಊಟವಿಲ್ಲ. ಕೆರೆಯನ್ನು ಎಲ್ಲ ಕಡೆಯೂ ಸಮನಾಗಿ ಹತ್ತು ಹನ್ನೆರಡು ಅಡಿ ತೋಡಿದೆವೆಂದರೆ ನೀರು ಹೆಚ್ಚಿತು, ನಿಜ; ಎಲೆಗಳನ್ನೆಲ್ಲ ಎತ್ತಿಕೊಂಡು ಅನ್ನದ ರಾಶಿಯನ್ನು ಅಟ್ಟದ ಮೇಲಿಟ್ಟಂತೆಯೂ ಆಯಿತು.

ಅಂಗಳದ ದುರದೃಷ್ಟವೇನೆಂದರೆ, ವರ್ಷದಲ್ಲಿ ಆರು ತಿಂಗಳು ಅದು ಖಾಲಿ ನಿವೇಶನದಂತೆ ಕಾಣುತ್ತದೆ. ಹಾಗೆ ಕಂಡುದರಿಂದಲೇ ಈ ಊರಿನ ಎಷ್ಟೋ ಕೆರೆಗಳು ಹೋದವು. ಧರ್ಮಾಂಬುಧಿ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು, ಚಲ್ಲಘಟ್ಟದ ಕೆರೆಯ ನೆಲದಲ್ಲಿ ಗಾಲ್ಫ್ ಆಡುತ್ತಾರೆ, ದೊಮ್ಮಲೂರಿನದು ಬಡಾವಣೆಯಾಯಿತು. ೧೯೮೫ರಲ್ಲಿ ಸರ್ಕಾರವು ಎನ್. ಲಕ್ಷ್ಮಣರಾವ್ ಅವರ ಸಮಿತಿಯನ್ನು ನೇಮಿಸಿದ ಮೇಲೆ, ಕೆರೆಯನ್ನು ಕೆರೆಯಾಗಿ ಉಳಿಸಬೇಕೆಂಬ ಮಾತು ಕಡತಗಳಲ್ಲಿ ಸೇರಿತು. ಈ ಶತಮಾನದ ಮೊದಲ ದಶಕದಲ್ಲಿ ಹೆಬ್ಬಾಳ, ನಾಗವಾರ, ಕೃಷ್ಣರಾಜಪುರದ ವೆಂಗಯ್ಯನಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ೨೦೧೬ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಯ ಸುತ್ತ ೭೫ ಮೀಟರ್ ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ಹೇಳಿತು. ೨೦೧೯ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅಳತೆಯನ್ನು ತೆಗೆದುಹಾಕಿದುದರಿಂದ ನಗರದ ಮಹಾಯೋಜನೆಯ ೩೦ ಮೀಟರೇ ಉಳಿಯಿತು. ಈ ವ್ಯಾಜ್ಯಗಳು ಅಗತ್ಯವಾದುವು. ಆದರೆ ಎಪ್ಪತ್ತೈದೋ ಮೂವತ್ತೋ ಎಂಬ ವಾದವೆಲ್ಲ ಗಡಿಯಿಂದಾಚೆಯ ನೆಲದ್ದು. ಗಡಿಯೊಳಗೆ ಅಂಗಳವನ್ನು ಅಗೆದು ಆಳಮಾಡುವುದನ್ನು ಯಾರೂ ಒತ್ತುವರಿ ಎನ್ನುವುದಿಲ್ಲ. ಅದಕ್ಕೆ ಜೀರ್ಣೋದ್ಧಾರವೆಂದೇ ಹೆಸರು.

ಇದಕ್ಕೆ ಎದುರಾದ ಚಿತ್ರವನ್ನು ನೋಡಬೇಕಾದರೆ ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿ ಹೋಗಬೇಕು. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಮಲ್ಲಪ್ಪಶೆಟ್ಟರು ಕಟ್ಟಿಸಿದರೆಂದು ಪ್ರಸಿದ್ಧವಾದ ಆ ವಿಶಾಲವಾದ ಕೆರೆ ರಸ್ತೆಯ ಪಕ್ಕದಲ್ಲೇ ಸಿಕ್ಕುತ್ತದೆ. ನೋಟಕ್ಕೆ ಅದರಲ್ಲಿ ಯಾವ ಸೊಗಸೂ ಇಲ್ಲ. ಒಂದು ಕಡೆ ನೀರನ್ನು ಹಸಿರು ಕಂಬಳಿಯಂತೆ ಮುಚ್ಚಿದ ಕಳೆ. ಇನ್ನೊಂದು ಕಡೆ ಆಪು, ಜೊಂಡು. ಗಾಳಿ ತಿರುಗಿದರೆ ಮೂಗು ಮುಚ್ಚಿಕೊಳ್ಳಬೇಕು. ಕಳೆದ ಕೆಲವು ವರ್ಷಗಳಿಂದ ಜನವರಿಯ ಒಂದು ಭಾನುವಾರ ನಾನು ನಾಲ್ಕಾರು ವಿದ್ಯಾರ್ಥಿಗಳೊಡನೆ ಒಂದು ಹಳೆಯ ದುರ್ಬೀನು ಹಿಡಿದು ಅಲ್ಲಿಗೆ ಹೋಗುವುದುಂಟು. ಅಂಗಳದ ಕಡೆ ಇಳಿದು ನಿಂತರೆ ಕಣ್ಣಿಗೆ ಹಬ್ಬ. ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ತಡಕಾಡುತ್ತಿರುತ್ತವೆ. ಗೊರವಗಳು ಕೆಸರಿನ ಮೇಲೆ ಚುರುಕಾಗಿ ಓಡಾಡುತ್ತವೆ. ಹಳದಿ ಸಿಪಿಲೆಗಳು ಎಮ್ಮೆಗಳ ಗೊರಸಿನ ಸುತ್ತ ಬಾಲ ಕುಣಿಸುತ್ತ ನಡೆದಿರುತ್ತವೆ. ದೂರದಲ್ಲಿ ಬಾತುಗಳ ಹಿಂಡೊಂದು ಇದ್ದಕ್ಕಿದ್ದಂತೆ ಎದ್ದರೆ ಜೊಂಡಿನ ಮೇಲೆ ಜೌಗಿನ ಸೆಳೆವ ತೇಲಿ ಬರುತ್ತಿದೆಯೆಂದು ತಿಳಿಯಬೇಕು.

ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಒಂದು ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು, "ತಾತ, ಈ ಸಲ ಹಕ್ಕಿ ಕಮ್ಮಿ ಅಲ್ವಾ?" ಎಂದು ಕೇಳಿದಳು.

"ನೀರು ಜಾಸ್ತಿ ಆಯ್ತಲ್ಲ ತಾಯಿ, ಎಲ್ಲಿ ನಿಂತ್ಕೋತವೆ?" ಎಂದರು ಅವರು. "ಕೆರೆ ಇಳೀಲಿ, ಬರ್ತವೆ. ಎಮ್ಮೆ ತುಳಿದಲ್ಲೇ ಅವು ಮೇಯೋದು."

ನಾನು ಮೇಲೆ ಎರಡು ಪುಟ ಬರೆದುದನ್ನು ಅವರು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದರು. ಎಮ್ಮೆಯ ಮಾತಂತೂ ತೀರ ನಿಜ. ರಾಜಸ್ಥಾನದ ಭರತಪುರದಲ್ಲಿ ೧೯೮೨ರಲ್ಲಿ ಪಕ್ಷಿಗಳ ಹಿತಕ್ಕೆಂದೇ ಎಮ್ಮೆಗಳ ಮೇವನ್ನು ನಿಷೇಧಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನದಿಂದ ತಿಳಿದುಬಂದುದು ಬೇರೆ: ಎಮ್ಮೆಯಿಲ್ಲದೆ ನೀರುಹುಲ್ಲು ದಟ್ಟವಾಗಿ ಬೆಳೆದು, ಬಾತುಗಳಿಗೆ ಬೇಕಾದ ತೆರೆದ ತೆಳುನೀರೇ ಮುಚ್ಚಿಹೋಗುತ್ತಿತ್ತು. ಕೆರೆಯ ಸುತ್ತ ಬೇಲಿ ಹಾಕಿ, ಟಿಕೆಟ್ಟಿನ ಕಿಂಡಿಯಿಟ್ಟು, ದನಗಾಹಿಯನ್ನು ಹೊರಗಟ್ಟುವ ಮೊದಲು ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ಕೊಳಚೆನೀರು ಬಂದು ಬೀಳುವ ಕೆರೆಯಲ್ಲಿ ಹಕ್ಕಿ ಹೆಚ್ಚು, ಅಲಂಕರಿಸಿದ ಕೆರೆಯಲ್ಲಿ ಕಡಮೆ ಎಂದ ಮೇಲೆ ಕೊಳಚೆಯೇ ಮೇಲಲ್ಲವೆ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಅಂಗಳ ಉಳಿದಿರುವುದರಿಂದ ಹಕ್ಕಿಗಳು ಬರುತ್ತವೆ. ಕೊಳಚೆಯಲ್ಲಿ ಹುಳುಗಳು ಹೆಚ್ಚಾಗಿರುವುದರಿಂದ ಸ್ವಲ್ಪ ಕಾಲ ಹೊಟ್ಟೆಯೂ ತುಂಬುತ್ತದೆ. ಆದರೆ ಅದು ಯಾವ ದಿನ ವಿಷದೂಟವಾಗುವುದೋ ಹೇಳಲಾಗುವುದಿಲ್ಲ. ಹಲಸೂರಿನಲ್ಲಿ ೨೦೧೬ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ಒಮ್ಮೆಲೇ ಸತ್ತು ತೇಲಿದುದನ್ನು ಈ ಭಾಗದವರು ಮರೆತಿಲ್ಲ. ಬೆಳ್ಳಂದೂರಿನ ನೊರೆಗೆ ೨೦೧೫ರಲ್ಲಿ ಬೆಂಕಿ ಹತ್ತಿತು. ೨೦೧೭ರಲ್ಲಿ, ೨೦೧೮ರಲ್ಲಿ ಮತ್ತೆ ಕೆರೆ ಹೊತ್ತಿ ಉರಿಯಿತು. ನೀರು ಉರಿಯುತ್ತದೆಂಬುದನ್ನು ಯಾವ ಕವಿಯೂ ಸಮಯವಾಗಿ ಕಲ್ಪಿಸಿರಲಿಲ್ಲ! ೨೦೧೯ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಬಾರ್ ಸರೋವರದಲ್ಲಿ ೧೮,೦೦೦ಕ್ಕೂ ಹೆಚ್ಚು ಹಕ್ಕಿಗಳು ಬಾಟ್ಯುಲಿಸಂ ಎಂಬ ವಿಷವ್ಯಾಧಿಯಿಂದ ಸತ್ತವು. ಅವುಗಳಲ್ಲಿ ಬಹಳಷ್ಟು ದೂರದಿಂದ ಬಂದ ಗೊರವಗಳು, ಬಾತುಗಳು. ಉಸಿರಿಲ್ಲದ ಕೊಳೆನೀರಿನಲ್ಲಿ, ಸತ್ತ ಪ್ರಾಣಿಯ ಮೈಯಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ವಿಷವದು. ಸತ್ತ ಹಕ್ಕಿಯ ಹುಳುವನ್ನು ತಿಂದ ಹಕ್ಕಿಯೂ ಸಾಯುತ್ತದೆ.

ಆದ್ದರಿಂದ ನೀರು ಶುದ್ಧವಾಗಲೇಬೇಕು. ಶುದ್ಧವಾಗುವುದಕ್ಕೂ ಆಳವಾಗುವುದಕ್ಕೂ ಗಂಟುಹಾಕಬೇಕಾಗಿಲ್ಲ. ಕೊಳಚೆಯನ್ನು ಕೆರೆಯ ಬಾಯಲ್ಲೇ ತಡೆದು ಸಂಸ್ಕರಿಸುವುದು ಒಂದು ಕೆಲಸ. ಏರಿಯ ಬುಡದಲ್ಲಿ ಬೇಕಾದಷ್ಟು ಹೂಳು ತೆಗೆದು, ಹಿಂಬದಿಯ ಅಂಗಳದ ಇಳಿಜಾರನ್ನು ಇದ್ದಂತೆಯೇ ಬಿಡುವುದು ಇನ್ನೊಂದು. ನಡೆದಾಡುವ ಹಾದಿ ಏರಿಯ ಕಡೆ ಇರಲಿ, ಬೇಡವೆನ್ನುವವರಾರು? ನನಗೂ ವೈದ್ಯರು ನಡೆಯಲು ಹೇಳಿದ್ದಾರೆ. ಆದರೆ ಕೆರೆಯ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿಯೇ ತೀರಬೇಕೆಂಬ ಹಟವೇಕೆ? ಅರ್ಧ ನಡೆದು ಅದೇ ದಾರಿಯಲ್ಲಿ ಹಿಂದಿರುಗಿದರೂ ದೇಹಕ್ಕೆ ಅಷ್ಟೇ ಶ್ರಮ. ಉಳಿದ ಅರ್ಧದಂಚಿನಲ್ಲಿ ಕಲ್ಲೂ ಬೇಡ, ದೀಪವೂ ಬೇಡ. ಬಾತು, ಗೊರವಗಳು ಹೆಚ್ಚಾಗಿ ರಾತ್ರಿಯಲ್ಲೇ ನಕ್ಷತ್ರಗಳ ಗುರುತು ಹಿಡಿದು ಪಯಣಿಸುವವು. ನಮ್ಮ ದೀಪಗಳ ಬೆಳಕು ಅವುಗಳಿಗೆ ದಾರಿ ತೋರಿಸುವುದಿಲ್ಲ, ತಪ್ಪಿಸುತ್ತದೆ.

ಯಾವ ಕೆರೆಯಲ್ಲಿ ಯಾವ ಹಕ್ಕಿ ಎಷ್ಟು ಎಂಬ ಲೆಕ್ಕ ಇಲ್ಲದೆ ಈ ವಾದವನ್ನು ಕಚೇರಿಗಳಲ್ಲಿ ಮಂಡಿಸುವುದು ಕಷ್ಟ. ಆ ಲೆಕ್ಕಕ್ಕೆ ಈ ಊರಿನಲ್ಲಿ ಒಳ್ಳೆಯ ಪರಂಪರೆಯಿದೆ. ೧೯೭೦ರ ದಶಕದ ಆದಿಯಲ್ಲಿ ಡಾ. ಜೋಸೆಫ್ ಜಾರ್ಜ್ ಮೊದಲಾದವರು ಇಲ್ಲಿ ಪಕ್ಷಿವೀಕ್ಷಕರ ಕೂಟವನ್ನು ಕಟ್ಟಿದರು. ಏಷ್ಯದ ದೇಶಗಳಲ್ಲಿ ಜನವರಿಯಲ್ಲಿ ನಡೆಯುವ ನೀರಹಕ್ಕಿಗಳ ಗಣತಿ ಮೊದಲಾದುದು ೧೯೮೭ರಲ್ಲಿ. ಅದಕ್ಕೆ ಪದವಿ ಬೇಕಿಲ್ಲ. ಬೆಳಗಿನ ಚಳಿಯಲ್ಲಿ ಎರಡು ಗಂಟೆ ಕೆಸರಿನ ಬಳಿ ನಿಲ್ಲುವ ತಾಳ್ಮೆ ಸಾಕು. ಕಾವ್ಯ ಓದುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಪಾಠದ ಭಾಗವಾಗಿಯೇ ಹೇಳುತ್ತೇನೆ. ಸರೋವರದ ವರ್ಣನೆಯಲ್ಲಿ ಬರುವ ಹತ್ತು ಹಕ್ಕಿಗಳ ಹೆಸರಿಗೆ 'ಒಂದು ಬಗೆಯ ಪಕ್ಷಿ' ಎಂದು ಅರ್ಥ ಬರೆದು ಮುಂದೆ ಹೋಗುವುದು ಬೇಸರದ ಕೆಲಸ.

ಇನ್ನೊಂದು ಸಂಗತಿ ಉಳಿದಿದೆ. ಹೂಳೆತ್ತುವ ಯಂತ್ರಗಳು ಕೆರೆಗೆ ಇಳಿಯುವುದು ಸಾಮಾನ್ಯವಾಗಿ ನೀರು ಇಳಿದ ಮೇಲೆ, ಸಂಕ್ರಾಂತಿ ಕಳೆದು ಯುಗಾದಿಯವರೆಗಿನ ತಿಂಗಳುಗಳಲ್ಲಿ. ಅದು ಹಕ್ಕಿಗಳು ಮರಳಿ ಹೊರಡುವ ಸಿದ್ಧತೆಯ ಕಾಲವೂ ಹೌದು. ಫೆಬ್ರವರಿ, ಮಾರ್ಚಿಗಳಲ್ಲಿ ಅಡವಿ ಗೊರವ ಹಗಲಿರುಳೆನ್ನದೆ ಮೇಯುತ್ತ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ದೂರದ ಹಾರಾಟಕ್ಕೆ ಅದೊಂದೇ ಬುತ್ತಿ. ಏಪ್ರಿಲ್ ಕಳೆಯುವ ಹೊತ್ತಿಗೆ ಅಂಗಳ ಬಹುಮಟ್ಟಿಗೆ ಖಾಲಿಯಾಗುತ್ತದೆ. ಮೊದಲ ದೊಡ್ಡ ಮಳೆ ಬರುವುದಕ್ಕೆ ಆಮೇಲೂ ಕೆಲವು ವಾರಗಳಿರುತ್ತವೆ. ಗುತ್ತಿಗೆಯ ಪತ್ರದಲ್ಲಿ ಕೆಲಸ ಆರಂಭಿಸುವ ತಾರೀಖನ್ನು ಆ ವಾರಗಳಿಗೆ ಬರೆದರೆ ಸರ್ಕಾರಕ್ಕೆ ಒಂದು ಕಾಸೂ ಹೆಚ್ಚು ಖರ್ಚಾಗುವುದಿಲ್ಲ.